ಸೊಲ್ಲು ಎತ್ತುವವರು, ಸೊಲ್ಲು ಹಿಡಿಯುವವರು: ಹೊಸ ಪುರಾಣ ಹುಟ್ಟುವ ಬಗೆ

ಸನ್ನತಿ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಊರು. ಅಲ್ಲಿ ಚಂದ್ರಲಾಂಬಾ ದೇವಿಯ ಗುಡಿ ಇದೆ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಬಿತ್ತು. ಮೂರ್ತಿ ಒಡೆಯಿತು. ಆಗ ಅದರ ಕೆಳಗಿದ್ದ ಪೀಠದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದು ಅಶೋಕನ ಶಾಸನ. ಸುಮಾರು 2200 ವರ್ಷ ಹಳೆಯ ಕಲ್ಲು.

ಯಾವುದೋ ಕಾಲದಲ್ಲಿ ಯಾರೋ ಆ ಕಲ್ಲನ್ನು ಎತ್ತಿ ತಂದು, ಅದರ ಮೇಲೆ ತಮ್ಮ ದೇವಿಯನ್ನು ನಿಲ್ಲಿಸಿದ್ದರು. ಹಳೆಯ ಮಾತಿನ ಮೇಲೆ ಹೊಸ ದೈವ ನಿಂತಿತ್ತು. ಹೊಸ ಪುರಾಣ ಅನ್ನುವ ಮಾತು ಬಂದಾಗಲೆಲ್ಲ ನನಗೆ ಈ ಕಲ್ಲೇ ನೆನಪಾಗುತ್ತದೆ.

ಈಚೆಗೆ ಆ ಮಾತು ತೆಗೆದವಳು ನನ್ನ ಅಕ್ಕನ ಮಗಳು. ಕಲಬುರಗಿಯಲ್ಲಿ ಡಿಗ್ರಿ ಓದುತ್ತಾಳೆ. ಸ್ವಂತ ದೇವರು, ಸ್ವಂತ ಲೋಕ, ಸ್ವಂತ ಯುಗಗಳನ್ನು ಕಟ್ಟಿ ಬರೆಯುವ ಲೇಖಕರ ಬಗ್ಗೆ ಎಲ್ಲೋ ಓದಿದ್ದಳು. "ಮಾಮಾ, ಪುರಾಣ ಅಂದ್ರ ಹಳೀದಲ್ಲೇನು? ಹೊಸಾದು ಹ್ಯಾಂಗ ಬರೀತಾರ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಅವಳಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದ. ನಾವು ಮನೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಪದ ಕಟ್ಟುತ್ತೇವೆ. ಎಲ್ಲವೂ ಒಳ್ಳೆಯ ಕೆಲಸ. ಆದರೆ "ಕಟ್ಟುಕಥೆ" ಅಂದ ಕೂಡಲೇ ಸುಳ್ಳು ಅನ್ನುವ ಅರ್ಥ ಬರುತ್ತದೆ. ಈ ಅನುಮಾನ ನಮ್ಮಲ್ಲಿ ಮಾತ್ರ ಇಲ್ಲ. 1931ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಇಬ್ಬರು ಲೇಖಕ ಗೆಳೆಯರ ನಡುವೆ ಇದೇ ವಾದ ನಡೆಯಿತು. ಪುರಾಣಗಳು ಎಷ್ಟು ಚೆಂದ ಇದ್ದರೂ ಸುಳ್ಳೇ ಅಂದವರು ಸಿ. ಎಸ್. ಲೂಯಿಸ್. ಅದನ್ನು ಒಪ್ಪದವರು ಜೆ. ಆರ್. ಆರ್. ಟೋಲ್ಕಿನ್. ಆ ಮಾತುಕತೆಯ ಬೆನ್ನಿಗೆ ಟೋಲ್ಕಿನ್ ಒಂದು ಪದ್ಯ ಬರೆದರು. ಅದರ ಹೆಸರು ಮಿಥೋಪಿಯಾ. ಗ್ರೀಕ್ ಮೂಲದ ಈ ಪದಕ್ಕೆ ಪುರಾಣ ಕಟ್ಟುವುದು ಅಂತ ಅರ್ಥ. ಮನುಷ್ಯ ತಾನೇ ಸೃಷ್ಟಿಯಾದವನು, ಅದಕ್ಕೇ ಅವನಿಗೂ ಸೃಷ್ಟಿಸುವ ಹಂಬಲ ಇದೆ, ಅದು ಅವನ ಹಕ್ಕು ಅನ್ನುವುದು ಆ ಪದ್ಯದ ತಿರುಳು. ನನಗೆ ಟೋಲ್ಕಿನ್ ಪಕ್ಷವೇ ಸರಿ ಅನಿಸುತ್ತದೆ.

ಹಾಗಾದರೆ ಸುಮ್ನೆ ಒಂದು ಕಥೆಗೂ ಪುರಾಣಕ್ಕೂ ಏನು ವ್ಯತ್ಯಾಸ? ಜೋಕುಮಾರನನ್ನು ನೋಡಿ. ಭಾದ್ರಪದದಲ್ಲಿ ಗಣಪ ಬಂದು ಹೋದ ಮೇಲೆ ಬುಟ್ಟಿಯಲ್ಲಿ ಮಣ್ಣಿನ ಮೂರ್ತಿ ಇಟ್ಟುಕೊಂಡು ಹೆಣ್ಣುಮಕ್ಕಳು ಮನೆ ಮನೆಗೆ ಬರುತ್ತಾರೆ. ಗಣಪ ಕಡುಬು ತಿಂದು ಹೋಗಿ ಭೂಮಿಯಲ್ಲಿ ಎಲ್ಲ ಚೆನ್ನಾಗಿದೆ ಅಂತ ಶಿವನಿಗೆ ಹೇಳಿದನಂತೆ. ಜೋಕುಮಾರ ಹೋಗಿ ನಿಜ ಹೇಳಿದನಂತೆ. ಮಳೆ ಇಲ್ಲ, ಬೆಳೆ ಬಾಡಿದೆ, ಜನ ಕಷ್ಟದಲ್ಲಿದ್ದಾರೆ ಅಂತ. ಆಗ ಮಳೆ ಬಂತು. ಏಳು ದಿನ ಬದುಕಿ ಸಾಯುವ ಈ ದೇವರ ಕಥೆ "ಮುಂದೇನಾಯಿತು" ಅನ್ನುವಲ್ಲಿಗೆ ಮುಗಿಯುವುದಿಲ್ಲ. ಮಳೆ ಯಾಕೆ ತಡವಾಗುತ್ತದೆ, ಹೊಟ್ಟೆ ತುಂಬಿದವನಿಗೆ ಹಸಿದವನ ಕಷ್ಟ ಯಾಕೆ ಕಾಣುವುದಿಲ್ಲ ಅನ್ನುವುದಕ್ಕೂ ಉತ್ತರ ಕೊಡುತ್ತದೆ. ಲೋಕ ಯಾಕೆ ಹೀಗಿದೆ ಅಂತ ಹೇಳುವ ಕಥೆಯೇ ಪುರಾಣ. ಅದಕ್ಕೇ ಅದನ್ನು ಪ್ರತಿ ವರ್ಷ ಮತ್ತೆ ಹೇಳಬೇಕಾಗುತ್ತದೆ.

ಪ್ರತಿ ವರ್ಷ, ಹಲವರು ಕೂಡಿ ಹೇಳಬೇಕು ಅನ್ನುವುದು ಮುಖ್ಯ. ನಮ್ಮ ಕಡೆ ಮೊದಲು ಕಣದಲ್ಲಿ ರಾಶಿ ಮಾಡುವಾಗ ಎತ್ತುಗಳ ಹಿಂದೆ ತಿರುಗುತ್ತಾ ಹಂತಿ ಪದ ಹಾಡುತ್ತಿದ್ದರು. ಒಬ್ಬ ಸೊಲ್ಲು ಎತ್ತುತ್ತಾನೆ. ಉಳಿದವರು ಆ ಸೊಲ್ಲು ಹಿಡಿಯುತ್ತಾರೆ. ಹಿಮ್ಮೇಳ ಇಲ್ಲದೆ ಹಂತಿ ಪದ ಇಲ್ಲ. ಮೊದಲ ಸೊಲ್ಲು ಯಾರದು ಅಂತ ಯಾರೂ ಕೇಳುವುದಿಲ್ಲ. ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳನ್ನೂ ನೆನೆಯಿರಿ. ಕರ್ಬಲಾ ಇರುವುದು ಇರಾಕಿನಲ್ಲಿ. ಅಲ್ಲಿ ಹುಸೇನರು ಮಡಿದ ಯುದ್ಧ ನಡೆದದ್ದು ಕ್ರಿ.ಶ. 680ರಲ್ಲಿ. ಆದರೆ ನಮ್ಮ ಹಳ್ಳಿಗಳಲ್ಲಿ ಹಸನ್ ಹುಸೇನರ ಸಂಕಟ ಅಚ್ಚ ಕನ್ನಡದಲ್ಲಿ, ನಮ್ಮದೇ ಮನೆಯ ಸಾವಿನಂತೆ ಕೇಳಿಸುತ್ತದೆ. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಅಷ್ಟು ದೂರದ ಸೊಲ್ಲನ್ನು ಇಲ್ಲಿಯವರು ಹಿಡಿದರು. ಹಿಡಿದಾಗ ತಮ್ಮದನ್ನೂ ಸೇರಿಸಿದರು.

ಇಲ್ಲಿಗೇ ಹೊಸ ಪುರಾಣ ಬರೆಯುವವರ ಕಷ್ಟ ಗೊತ್ತಾಗುತ್ತದೆ. ಕಥೆಯನ್ನು ಒಬ್ಬರೇ ಬರೆದು ಮುಗಿಸಬಹುದು. ಪುರಾಣವನ್ನು ಒಬ್ಬರೇ ಮುಗಿಸಲು ಆಗುವುದಿಲ್ಲ. ಕೋಣೆಯಲ್ಲಿ ಒಂಟಿಯಾಗಿ ಕುಳಿತವರು ಊರೇ ಹಾಡಬಹುದಾದ ಪದವನ್ನು ಹೇಗೆ ಕಟ್ಟುತ್ತಾರೆ?

ಟೋಲ್ಕಿನ್ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ. ಅವರು ಭಾಷಾ ವಿದ್ವಾಂಸರು. 1914ರಲ್ಲಿ ಒಂದು ಹಳೆಯ ಇಂಗ್ಲಿಷ್ ಪದ್ಯದಲ್ಲಿ "ಎಅರೆಂಡೆಲ್" ಅನ್ನುವ ಪದ ಅವರನ್ನು ಹಿಡಿದು ನಿಲ್ಲಿಸಿತು. ಹೊಳೆಯುವ ನಕ್ಷತ್ರದಂಥ ಯಾವುದನ್ನೋ ಸೂಚಿಸುವ ಪದ. ಅದರ ಹಿಂದಿನ ಕಥೆ ಕಳೆದುಹೋಗಿತ್ತು. ಟೋಲ್ಕಿನ್ ಆ ಒಂದು ಪದಕ್ಕೆ ಒಂದು ಪದ್ಯ ಬರೆದರು. ಆಮೇಲೆ ಮೊದಲ ಮಹಾಯುದ್ಧ ಬಂತು. 1916ರಲ್ಲಿ ಅವರು ಸೊಮ್ ಯುದ್ಧದಲ್ಲಿದ್ದರು. ಕಂದಕದ ಜ್ವರ ಬಂದು ಇಂಗ್ಲೆಂಡಿಗೆ ಮರಳಿದರು. ಹತ್ತಿರದ ಗೆಳೆಯರಲ್ಲಿ ಇಬ್ಬರು ಆ ಮಹಾಯುದ್ಧದಲ್ಲಿ ಸತ್ತರು. ಜ್ವರದಿಂದ ಚೇತರಿಸಿಕೊಳ್ಳುತ್ತಾ ಅವರು ತಮ್ಮ ಪುರಾಣದ ಮೊದಲ ಕಥೆಗಳನ್ನು ಬರೆಯತೊಡಗಿದರು. ಮುಂದೆ ಜಗತ್ತೇ ಓದಿದ ಕಾದಂಬರಿ "ದ ಲಾರ್ಡ್ ಆಫ್ ದ ರಿಂಗ್ಸ್" ಬಂದದ್ದು 1954–55ರಲ್ಲಿ. ಅದರ ಹಿಂದೆ ಸುಮಾರು 40 ವರ್ಷಗಳ ಕೆಲಸ ಇತ್ತು.

ಅವರು ಕಟ್ಟಿದ ರೀತಿ ನನಗೆ ತುಂಬಾ ಇಷ್ಟ. ಮೊದಲು ಭಾಷೆ ಮಾಡಿದರು. ಫಿನ್ನಿಶ್ ಭಾಷೆಯ ಇಂಪು ಹಿಡಿದು ಕ್ವೆನ್ಯಾ, ವೆಲ್ಶ್ ಭಾಷೆಯ ಧಾಟಿಯಲ್ಲಿ ಸಿಂಡರಿನ್. ಭಾಷೆ ಇದ್ದರೆ ಆಡುವವರು ಬೇಕು. ಆಡುವವರಿಗೆ ಊರು, ವಂಶ, ಜಗಳ, ಹಾಡು ಬೇಕು. ಹೀಗೆ ಲೋಕ ಬೆಳೆಯಿತು. ಇದು ನಮಗೆ ಹೊಸದೇನೂ ಅಲ್ಲ. ನಮ್ಮಲ್ಲೂ ಹೆಸರಿನ ಬೆನ್ನಿಗೆ ಕಥೆ ಬರುತ್ತದೆ. ಬೀದರ್ ಅನ್ನುವ ಹೆಸರಿಗೆ ಬಿದಿರು ಕಾರಣ ಅನ್ನುವವರಿದ್ದಾರೆ, ವಿದುರ ಕಾರಣ ಅನ್ನುವವರಿದ್ದಾರೆ. ವಿದುರನಗರ ಅಂದ ಕೂಡಲೇ ಮಹಾಭಾರತದ ಒಬ್ಬ ನ್ಯಾಯವಂತ ನಮ್ಮ ಕೆಂಪು ಮಣ್ಣಿನ ಮೇಲೆ ಬಂದು ನಿಲ್ಲುತ್ತಾನೆ.

1951ರಲ್ಲಿ ಟೋಲ್ಕಿನ್ ಒಬ್ಬ ಪ್ರಕಾಶಕರಿಗೆ ಉದ್ದನೆಯ ಪತ್ರ ಬರೆದರು. ತಮ್ಮ ದೇಶಕ್ಕೆ ಅರ್ಪಿಸಬಹುದಾದ ಒಂದು ಪುರಾಣ ಸಮೂಹವನ್ನು ಕಟ್ಟುವ ಆಸೆ ಒಂದು ಕಾಲದಲ್ಲಿ ಇತ್ತು ಅಂತ ಅದರಲ್ಲಿ ಹೇಳಿದರು. ಕೆಲವು ಕಥೆಗಳನ್ನು ತಾವು ಪೂರ್ತಿ ಬರೆಯುವುದು, ಹಲವನ್ನು ಬರೀ ಗೆರೆ ಎಳೆದು ಬಿಡುವುದು, ಉಳಿದದ್ದನ್ನು ಬೇರೆಯವರು ಬಣ್ಣ, ಸಂಗೀತ, ನಾಟಕಗಳಲ್ಲಿ ತುಂಬಲಿ ಅಂತ ಜಾಗ ಬಿಡುವುದು. ಇದನ್ನು ಓದಿದಾಗ ನನಗೆ ಕಣದ ಹಂತಿ ಹಾಡುಗಾರನೇ ಕಣ್ಣ ಮುಂದೆ ಬಂದ. ಸೊಲ್ಲು ಎತ್ತಿ, ಹಿಮ್ಮೇಳಕ್ಕೆ ಉಸಿರಿನ ಜಾಗ ಬಿಡುವವನು. 1973ರಲ್ಲಿ ಅವರು ತೀರಿಕೊಂಡಾಗ ಮೂಲ ಪುರಾಣ ಇನ್ನೂ ಮುಗಿದಿರಲಿಲ್ಲ. ಮಗ ಕ್ರಿಸ್ಟೋಫರ್ ಹಸ್ತಪ್ರತಿಗಳನ್ನು ಜೋಡಿಸಿ 1977ರಲ್ಲಿ ಹೊರತಂದರು. ಮೊದಲ ಹಿಮ್ಮೇಳ ಮನೆಯಿಂದಲೇ ಬಂತು ಅಲ್ವಾ?

ಟೋಲ್ಕಿನ್ ಕೂಡ ಇನ್ನೊಬ್ಬರ ಸೊಲ್ಲು ಹಿಡಿದವರೇ. ಆ ಇನ್ನೊಬ್ಬರು ಫಿನ್ಲೆಂಡಿನ ಎಲಿಯಾಸ್ ಲೊನ್ರೋಟ್. ವೃತ್ತಿಯಲ್ಲಿ ವೈದ್ಯರು. ಆಗ ಫಿನ್ಲೆಂಡ್ ರಷ್ಯಾದ ಕೈಯಲ್ಲಿತ್ತು. ಓದು ಬರಹ, ಆಡಳಿತ ಎಲ್ಲ ಹೆಚ್ಚಾಗಿ ಸ್ವೀಡಿಶ್ ಭಾಷೆಯಲ್ಲಿ. ಫಿನ್ನಿಶ್ ಹಳ್ಳಿಯವರ ಮಾತು. ಲೊನ್ರೋಟ್ ಊರೂರು ಅಲೆದು ಹಾಡುಗಳನ್ನು ಬರೆದುಕೊಂಡರು. ಅವನ್ನು ಜೋಡಿಸಿ, ನಡುವೆ ತಾವೂ ಕೆಲವು ಸಾಲು ಸೇರಿಸಿ 1835ರಲ್ಲಿ ಕಲೇವಲ ಅನ್ನುವ ಮಹಾಕಾವ್ಯ ಮಾಡಿದರು. 1849ರಲ್ಲಿ ಅದನ್ನು 22,795 ಸಾಲುಗಳಿಗೆ ಬೆಳೆಸಿದರು. ಅದರಲ್ಲಿ ವೈನಮೊಯ್ನನ್ ಅನ್ನುವ ಮುದುಕ ಹಾಡುಗಾರ ದೊಡ್ಡ ಮೀನಿನ ದವಡೆ ಎಲುಬಿನಿಂದ ತಂತಿವಾದ್ಯ ಮಾಡುತ್ತಾನೆ. ಆ ಹಾಡುಗಳನ್ನು ಹಾಡುವಾಗ ಒಬ್ಬ ಎತ್ತಿದ ಸಾಲನ್ನು ಜೊತೆಗಾರ ತಿರುಗಿಸಿ ಹಾಡುವ ರೂಢಿ ಅಲ್ಲೂ ಇತ್ತೆಂದು ಹಳೆಯ ಬರಹಗಳು ಹೇಳುತ್ತವೆ. ಹಿಮದ ನಾಡು, ಬಿಸಿಲ ನಾಡು. ಹಾಡುವ ಕ್ರಮ ಮಾತ್ರ ಒಂದೇ.

ಇದೇ ಕೆಲಸವನ್ನು ತಪ್ಪು ದಾರಿಯಲ್ಲಿ ಮಾಡಿದವರೂ ಇದ್ದಾರೆ. ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾಕ್‌ಫರ್ಸನ್ 1760ರಿಂದ ಒಂದಾದ ಮೇಲೊಂದು ಕಾವ್ಯ ಪ್ರಕಟಿಸಿದರು. ಓಸಿಯನ್ ಅನ್ನುವ ಪುರಾತನ ಕವಿಯ ಹಾಡುಗಳು, ನಾನು ಅನುವಾದ ಮಾಡಿದೆ ಅಷ್ಟೇ ಅಂದರು. ಯುರೋಪೆಲ್ಲ ಮರುಳಾಯಿತು. ಆದರೆ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ನಂಬಲಿಲ್ಲ. ಹಸ್ತಪ್ರತಿ ಎಲ್ಲಿ ಅಂತ ಕೇಳಿದರು. ಜನರ ಬಾಯಲ್ಲಿದ್ದ ಕೆಲವು ಹಾಡಿನ ಎಳೆಗಳು ಅಲ್ಲಿ ನಿಜವಾಗಿಯೂ ಇದ್ದವು. ಆದರೆ ಬಹುಪಾಲು ಮ್ಯಾಕ್‌ಫರ್ಸನ್ ಕಟ್ಟಿದ್ದು. ಕಟ್ಟಿದ್ದರಲ್ಲಿ ತಪ್ಪಿಲ್ಲ. ಕಟ್ಟಿಲ್ಲ ಅಂದದ್ದು ತಪ್ಪು. ಈ ಗೆರೆಯ ಬಗ್ಗೆ ನನಗೆ ತುಂಬಾ ಕಾಳಜಿ ಇದೆ. ನಿನ್ನೆ ಹುಟ್ಟಿದ ಕಥೆಯನ್ನು ಸಾವಿರ ವರ್ಷದ ಇತಿಹಾಸ ಅಂತ ಹೇಳಿದರೆ ಕೇಳುವವನಿಗೆ ಮೋಸವಾಗುತ್ತದೆ. ಅದರ ಹೆಸರಲ್ಲಿ ಜನ ಹೊಡೆದಾಡಿದರೆ ಅದು ಮೋಸಕ್ಕಿಂತ ದೊಡ್ಡದು.

ಇನ್ನು ಲೋಕವನ್ನು ಪೂರ್ತಿ ಹೊಸದಾಗಿ ಕಟ್ಟಿದವರು. ಐರ್ಲೆಂಡಿನ ಲಾರ್ಡ್ ಡನ್ಸೇನಿ 1905ರಲ್ಲಿ ತಮ್ಮದೇ ಖರ್ಚಿನಲ್ಲಿ ಒಂದು ಸಣ್ಣ ಪುಸ್ತಕ ತಂದರು. ಪೆಗಾನ ಅನ್ನುವ ಲೋಕದ ದೇವರುಗಳ ಕಥೆ. ಯಾವ ಹಳೆಯ ಧರ್ಮದಿಂದಲೂ ತೆಗೆದದ್ದಲ್ಲ. ಅಲ್ಲಿ ಒಬ್ಬ ದೊಡ್ಡ ದೇವರು ಸಣ್ಣ ದೇವರುಗಳನ್ನು ಮಾಡಿ ನಿದ್ದೆಗೆ ಜಾರುತ್ತಾನೆ. ಅವನ ಎದುರು ಸ್ಕಾರ್ಲ್ ಅನ್ನುವವನು ಕುಳಿತು ನಗಾರಿ ಬಾರಿಸುತ್ತಾನೆ. ನಗಾರಿಯ ಸದ್ದಿಗೆ ದೇವರು ಮಲಗಿದ್ದಾನೆ. ಸ್ಕಾರ್ಲ್‌ನ ಕೈ ಸೋತು ಬಾರಿಸುವುದು ನಿಂತರೆ ದೇವರು ಎಚ್ಚರಗೊಳ್ಳುತ್ತಾನೆ. ಆಗ ಲೋಕಗಳೂ ಇಲ್ಲ, ದೇವರುಗಳೂ ಇಲ್ಲ. ಎಷ್ಟು ಸಣ್ಣ ಚಿತ್ರ, ಎಷ್ಟು ದೊಡ್ಡ ಭಯ!

ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ ಮುಂದೆ ಇದೇ ದಾರಿಯಲ್ಲಿ ಹೋದರು. ಅವರು ತಮ್ಮ ವಿಕಾರ ದೇವತೆಗಳ ಹೆಸರುಗಳನ್ನು ಗೆಳೆಯ ಲೇಖಕರಿಗೆ ಧಾರಾಳವಾಗಿ ಬಳಸಲು ಬಿಟ್ಟರು, ಅವರ ಹೆಸರುಗಳನ್ನು ತಾವೂ ಬಳಸಿದರು. ಹಲವರ ಕಥೆಗಳಲ್ಲಿ ಒಂದೇ ಹೆಸರು ಕಂಡಾಗ ಓದುಗರಿಗೆ ಇದೆಲ್ಲ ನಿಜ ಇರಬಹುದೇ ಅನಿಸತೊಡಗಿತು. ಲವ್‌ಕ್ರಾಫ್ಟ್ ಕಲ್ಪಿಸಿದ್ದ ನೆಕ್ರೊನೊಮಿಕಾನ್ ಅನ್ನುವ ಗ್ರಂಥವನ್ನು ಕೆಲವರು ನಿಜವಾಗಿಯೂ ಹುಡುಕಿದರು. ಅಂಥ ಪುಸ್ತಕ ಇಲ್ಲ, ಅದು ನನ್ನ ಕಲ್ಪನೆ ಅಂತ ಲವ್‌ಕ್ರಾಫ್ಟ್ ಕೇಳಿದವರಿಗೆ ಪತ್ರ ಬರೆದು ಹೇಳುತ್ತಿದ್ದರು. ಮ್ಯಾಕ್‌ಫರ್ಸನ್ ದಾಟಿದ ಗೆರೆಯನ್ನು ಅವರು ದಾಟಲಿಲ್ಲ.

ಸ್ಕಾರ್ಲ್‌ನ ನಗಾರಿ ಕೇಳಿದಾಗ ನನಗೆ ಇನ್ನೊಂದು ವಾದ್ಯದ ಸದ್ದು ಕೇಳಿಸುತ್ತದೆ. ಅದು ಅಲ್ಲಮನ ಮದ್ದಳೆ. ಹೊಸ ಪುರಾಣ ಹೇಗೆ ಹುಟ್ಟುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಲ್ಲಮ ಹುಟ್ಟಿದ್ದು ಬಳ್ಳಿಗಾವೆಯಲ್ಲಾದರೂ ನಮ್ಮ ಮನಸ್ಸಿನಲ್ಲಿ ಅವನು ಕಲ್ಯಾಣದವನು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದವನು.

ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳುವ ಅಲ್ಲಮ ಪ್ರೀತಿಸಿದ ಮನುಷ್ಯ. ಮದ್ದಳೆ ಬಾರಿಸುವವನು. ಕಮಲತೆ ಅನ್ನುವವಳನ್ನು ಮನಸಾರೆ ಒಲಿದವನು. ಅವಳು ಜ್ವರ ಬಂದು ಸತ್ತುಹೋಗುತ್ತಾಳೆ. ಅಲ್ಲಮ ಹುಚ್ಚನಂತೆ ಅಲೆಯುತ್ತಾನೆ. ಒಂದು ತೋಪಿನಲ್ಲಿ ಕುಳಿತು ಕಾಲಿನ ಉಗುರಿನಿಂದ ನೆಲ ಕೆದಕುತ್ತಿರುವಾಗ ಹೊನ್ನಿನ ಕಳಸ ಕಾಣುತ್ತದೆ. ಅಗೆಸಿದರೆ ಕೆಳಗೆ ಹುಗಿದುಹೋದ ಗುಡಿ. ಒಳಗೆ ರೆಪ್ಪೆ ಬಡಿಯದೆ ಕುಳಿತ ಅನಿಮಿಷಯ್ಯ, ಅಂಗೈಯಲ್ಲಿ ಲಿಂಗ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ.

ಸುಮಾರು ಎರಡು ಶತಮಾನ ಕಳೆದ ಮೇಲೆ, 1430ರ ಸುಮಾರಿಗೆ, ಚಾಮರಸ ಅದೇ ಅಲ್ಲಮನ ಕಥೆ ಬರೆಯುತ್ತಾನೆ. ಇಲ್ಲಿ ಕಮಲತೆ ಇಲ್ಲ. ಕೈಲಾಸದಲ್ಲಿ ಪಾರ್ವತಿ ಸವಾಲು ಹಾಕುತ್ತಾಳೆ. ಅವಳ ತಾಮಸ ಅಂಶ ಬನವಸಿಯಲ್ಲಿ ಮಮಕಾರ ಅನ್ನುವ ರಾಜನ ಮಗಳಾಗಿ, ಮಾಯೆಯಾಗಿ ಹುಟ್ಟುತ್ತದೆ. ಅಲ್ಲಮ ಮಧುಕೇಶ್ವರ ಗುಡಿಯಲ್ಲಿ ಮದ್ದಳೆ ಬಾರಿಸುತ್ತಾನೆ, ಮಾಯೆ ಕುಣಿಯುತ್ತಾಳೆ. ಅವನನ್ನು ಹಿಡಿಯಲು ಅವಳಿಗೆ ಆಗುವುದಿಲ್ಲ. ಹರಿಹರನ ಅಲ್ಲಮ ಸೋತು, ಸುಟ್ಟು, ಆಮೇಲೆ ಬೆಳಕು ಕಂಡವನು. ಚಾಮರಸನ ಅಲ್ಲಮನಿಗೆ ಸೋಲೇ ಇಲ್ಲ.

ಯಾವುದು ನಿಜ ಅಂತ ಕೇಳಿದರೆ ದಾರಿ ತಪ್ಪುತ್ತೇವೆ. ಇಬ್ಬರ ಪ್ರಶ್ನೆಗಳೇ ಬೇರೆ. ದುಃಖದಿಂದ ಜ್ಞಾನ ಹುಟ್ಟಬಹುದೇ ಅಂತ ಹರಿಹರ ಕೇಳಿದ. ಮಾಯೆಯ ನಡುವೆ ಇದ್ದೂ ಅಂಟದೆ ಇರಬಹುದೇ ಅಂತ ಚಾಮರಸ ಕೇಳಿದ. ಇದ್ದ ಕಥೆಯಲ್ಲಿ ತನ್ನ ಪ್ರಶ್ನೆಗೆ ಉತ್ತರ ಸಿಗದೆ ಹೋದಾಗ ಕವಿ ಹೊಸದಾಗಿ ಕಟ್ಟುತ್ತಾನೆ. ಅಲ್ಲಮನ ಬದುಕಿನ ಬಗ್ಗೆ ಖಚಿತವಾದ ವಿವರ ಕಡಿಮೆ ಇತ್ತು. ಆ ಖಾಲಿ ಜಾಗವೇ ಇಬ್ಬರಿಗೂ ಕಣವಾಯಿತು. ನನ್ನ ಮನಸ್ಸು ಹರಿಹರನ ಕಡೆ ಜಾಸ್ತಿ ವಾಲುತ್ತದೆ. ಕಾಲಿನ ಉಗುರಿನಿಂದ ನೆಲ ಕೆದಕುವ ಆ ಚಿತ್ರವನ್ನು ದುಃಖ ಉಂಡವರು ಮರೆಯಲು ಆಗುವುದಿಲ್ಲ.

ಶೂನ್ಯಸಂಪಾದನೆ ಇನ್ನೂ ವಿಶೇಷ. ಅದರಲ್ಲಿರುವ ವಚನಗಳು ಹೆಚ್ಚಾಗಿ 12ನೇ ಶತಮಾನದ ಶರಣರವು. ಆದರೆ ಅವನ್ನು ಎದುರು ಬದುರು ಕುಳಿತು ಆಡಿದ ಮಾತಿನಂತೆ ಜೋಡಿಸಿದ್ದು ಬಹಳ ಕಾಲದ ನಂತರ. ಮೊದಲು ಶಿವಗಣಪ್ರಸಾದಿ ಮಹದೇವಯ್ಯ ಜೋಡಿಸಿದರು. ಆಮೇಲೆ ಇನ್ನೂ ಮೂವರು ಬೇರೆ ಬೇರೆಯಾಗಿ ಅದನ್ನು ಬೆಳೆಸಿದರು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಪರೀಕ್ಷಿಸುವಂತೆ ಕೇಳುವ ಪ್ರಶ್ನೆಗಳು, ಅವಳ ಉತ್ತರಗಳು ನಮ್ಮ ಕಣ್ಣಿಗೆ ಕಟ್ಟಿದ್ದು ಈ ಜೋಡಣೆಯಿಂದ. ಲೊನ್ರೋಟ್ ಫಿನ್ಲೆಂಡಿನಲ್ಲಿ ಮಾಡಿದ ಕೆಲಸವನ್ನು ಕನ್ನಡದಲ್ಲಿ ಕೆಲವರು ನಾಲ್ಕು ಶತಮಾನ ಮೊದಲೇ ಮಾಡಿದ್ದರು.

ಅದಕ್ಕೂ ಹಿಂದೆ ಹೋದರೆ ಮಳಖೇಡ. ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 965ರಲ್ಲಿ ಪುಷ್ಪದಂತ ಇಲ್ಲಿಯೇ ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣ ಮುಗಿಸಿದ. ಅದಕ್ಕಿಂತ ಶತಮಾನ ಮೊದಲು ಅಮೋಘವರ್ಷನ ಗುರು ಜಿನಸೇನ ಸಂಸ್ಕೃತದಲ್ಲಿ ಆದಿಪುರಾಣ ಬರೆಯುತ್ತಾ ತೀರಿಕೊಂಡ. ಶಿಷ್ಯ ಗುಣಭದ್ರ ಉಳಿದದ್ದನ್ನು ಪೂರ್ತಿ ಮಾಡಿದ. ಮತ್ತೆ ಅದೇ ಹಿಮ್ಮೇಳ. ಆದಿಪುರಾಣದಲ್ಲಿ ಋಷಭದೇವ ಮಗಳು ಬ್ರಾಹ್ಮಿಗೆ ಅಕ್ಷರ ಕಲಿಸುತ್ತಾನೆ, ಇನ್ನೊಬ್ಬ ಮಗಳು ಸುಂದರಿಗೆ ಅಂಕಿ ಕಲಿಸುತ್ತಾನೆ. ಜೈನರಲ್ಲಿ ಮೊದಲಿನಿಂದ ಇದ್ದ ಕಥೆ ಇದು. ಅಕ್ಷರ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ, ಅಪ್ಪನ ಮಡಿಲಲ್ಲಿ ಕುಳಿತ ಹೆಣ್ಣುಮಗುವಿನ ಕೈಯಿಂದ ಬಂತು ಅನ್ನುವ ಉತ್ತರ! ಸನ್ನತಿಯಲ್ಲಿ ದೇವಿಯ ಕೆಳಗೆ ಸಿಕ್ಕ ಕಲ್ಲಿನ ಲಿಪಿಗೂ ಆ ಮಗುವಿನ ಹೆಸರೇ.

ನಮ್ಮ ಕಾಲದಲ್ಲಿ ಚಂದ್ರಶೇಖರ ಕಂಬಾರರ ಶಿವಪುರ ಇದೆ. ಅವರ ಹಲವು ಕೃತಿಗಳಲ್ಲಿ ಮತ್ತೆ ಮತ್ತೆ ಬರುವ ಊರು. ನಕಾಶೆಯಲ್ಲಿ ಅವರ ಶಿವಪುರ ಸಿಗುವುದಿಲ್ಲ. ಆದರೆ ಉತ್ತರ ಕರ್ನಾಟಕದವರಿಗೆ ಅದರ ಪ್ರತಿ ಓಣಿಯೂ ಗೊತ್ತಿದ್ದಂತೆ ಅನಿಸುತ್ತದೆ. ಮಾತು, ಬೈಗುಳ, ಬರ, ದೇವಿ ಎಲ್ಲ ಇಲ್ಲಿಯದೇ. ಗಾಳಿಯಲ್ಲಿ ಕಟ್ಟಿದ ಪುರಾಣ ನಿಲ್ಲುವುದು ಕಷ್ಟ. ಅದಕ್ಕೆ ಮಣ್ಣು ಬೇಕು, ನಾಲಿಗೆ ಬೇಕು.

ಯಾದಗಿರಿ ಜಿಲ್ಲೆಯ ಶಹಾಪುರದ ಬೆಟ್ಟ ನೋಡಿದ್ದೀರಾ? ಒಂದು ಕೋನದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ. ಯಾರೂ ಕೆತ್ತಿದ್ದಲ್ಲ, ಬಂಡೆಗಳು ತಾವಾಗಿ ಹಾಗೆ ಕೂಡಿವೆ. ನನಗೆ ಮೊದಲ ಸಲ ಬರೀ ಗುಡ್ಡ ಕಂಡಿತ್ತು. ಬಸ್ಸಿನಲ್ಲಿ ಪಕ್ಕದವರು "ಅಕೋ ತಲಿ, ಅಕೋ ಎದಿ, ಅಕೋ ಕಾಲು" ಅಂತ ಬೆರಳು ತೋರಿಸಿದರು. ಅಂದಿನಿಂದ ಅದು ನನಗೆ ಬರೀ ಗುಡ್ಡವಾಗಿ ಕಂಡೇ ಇಲ್ಲ. ಪುರಾಣ ಬರೆಯುವವರು ಮಾಡುವುದೂ ಹೀಗೆ ಬೆರಳು ತೋರಿಸುವ ಕೆಲಸವನ್ನೇ.

ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಅವಳೇ ಒಂದು ಸಂಗತಿ ನೆನಪಿಸಿದಳು. ಕೆಲವು ವರ್ಷಗಳ ಹಿಂದಿನ ಎಳ್ಳ ಅಮಾವಾಸ್ಯೆ. ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಮಾಡಿ, ಐದು ಸಣ್ಣ ಕಲ್ಲು ತೊಳೆದು ಸುಣ್ಣ ಹಚ್ಚಿ, ಪಾಂಡವರು ಅಂತ ಇಟ್ಟಿದ್ದೆವು. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಎಡೆಗೆ ಸಿದ್ಧವಾಗಿತ್ತು. ಅವಳ ತಮ್ಮ, ಆಗ ಆರು ವರ್ಷದವನು, ಸಾಲಿನ ಕೊನೆಗೆ ಇನ್ನೊಂದು ಕಲ್ಲು ತಂದಿಟ್ಟ.

"ಪಾಂಡವರು ಐದೇ ಮಂದಿ ಅಲ್ಲೇನಪಾ? ಇಂವ ಯಾರು?" ಅಂತ ಅಜ್ಜಿ ಕೇಳಿದಳು.

"ಕರ್ಣ. ಅವಗ ಯಾರೂ ಊಟಕ್ಕ ಕರದೇ ಇಲ್ಲ. ನಾ ಕರದೀನಿ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಆರನೆಯ ಕಲ್ಲಿನ ಮುಂದೂ ಒಂದು ಎಡೆ ಇಟ್ಟಳು. ಮುಂದಿನ ವರ್ಷ ಕಲ್ಲು ಆರಿಸಲು ಹೋದ ಹುಡುಗರು ಹೇಳದೆಯೇ ಆರು ತಂದರು. ಆರನೆಯದನ್ನು ಸಾಲಿನಿಂದ ತುಸು ದೂರ ಇಟ್ಟಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಪಕ್ಕದ ಹೊಲದಿಂದ ಬಂದಿದ್ದ ಹುಡುಗಿ ಹೇಳಿದಳು: "ಅಂವ ದೂರದಿಂದ ಬರಬೇಕಲ್ಲ, ಇನ್ನ ಹಾದ್ಯಾಗ ಅದಾನ."